ಅಂಬಿಗರ ಮನೆಯ ನಾಲ್ಕು ಪದಕ

ನನ್ನ ಬಾಯಿ ಸ್ವಲ್ಪ ಜೋರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಹೆಸರು ಹೊನ್ನಾಂಬ, ಊರಿಗೆಲ್ಲ ಹೊನ್ನಕ್ಕ. ಪೇಟೆಬೀದಿಯ ಪಾತ್ರೆ ಅಂಗಡಿಯ ಜಗಲಿ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಹಾಕುವುದು ನನ್ನ ಕೆಲಸ. ನಮ್ಮಪ್ಪನೂ ಅಲ್ಲೇ ಕೂತು ಅದನ್ನೇ ಮಾಡುತ್ತಿದ್ದ. ಈಗ ಕರೆಂಟಿನ ಮಿಷನ್ನು ಬಂದಿದೆ, ನಾನು ಅದನ್ನು ಮುಟ್ಟುವುದಿಲ್ಲ. ನನಗೆ ಉಳಿ, ಸುತ್ತಿಗೆ ಸಾಕು. ಅಕ್ಷರ ಸೊಟ್ಟಗಿದೆ ಅಂತ ಯಾರಾದರೂ ಮೂಗು ಮುರಿದರೆ, "ನೀನಿರೋವರೆಗೆ ತಾನೇ ಇದು ಇರೋದು, ಅಷ್ಟಕ್ಕೆ ಇಷ್ಟು ಚೆಂದ ಸಾಕು ಬಿಡು" ಅನ್ನುತ್ತೇನೆ. ಜನ ನಗುತ್ತಾರೆ, ಪಾತ್ರೆ ತಗೊಂಡು ಹೋಗುತ್ತಾರೆ.

ನಮ್ಮೂರಲ್ಲಿ ಲೋಹದ ಮೇಲೆ ಹಾಕಿಸಿದ ಹೆಸರು ಆ ಮನುಷ್ಯ ಇರುವವರೆಗೆ ಮಾತ್ರ ಇರುತ್ತದೆ. ಉಸಿರು ನಿಂತ ಗಳಿಗೆಗೆ ಹೆಸರೂ ಹೋಗುತ್ತದೆ, ಗೀರು ಕೂಡ ಉಳಿಯುವುದಿಲ್ಲ. ನಮ್ಮ ಡಾಕ್ಟರು ನಾಡಿ ಹಿಡಿದು ಅನುಮಾನ ಬಂದರೆ "ಅವರ ಲೋಟ ತನ್ನಿ ನೋಡೋಣ" ಅನ್ನುತ್ತಾರೆ. ಪರವೂರಿಗೆ ಹೋದ ಮಗ ಕಾಗದ ಹಾಕದಿದ್ದರೆ ತಾಯಿ ಅವನ ಊಟದ ತಟ್ಟೆ ತಿರುಗಿಸಿ ನೋಡಿ, "ಇದಾನೆ ಕತ್ತೆ, ಬರೆಯೋಕೆ ಸೋಮಾರಿತನ" ಅಂತ ಬೈದು ನೆಮ್ಮದಿಯಾಗಿ ಮಲಗುತ್ತಾಳೆ. ಅತ್ತೆ ಹೋದ ಹದಿಮೂರನೇ ದಿನಕ್ಕೆ ಸೊಸೆ ದೊಡ್ಡ ಹಂಡೆ ಹೊತ್ತುಕೊಂಡು ನನ್ನ ಜಗಲಿಗೆ ಬರುತ್ತಾಳೆ, ತನ್ನ ಹೆಸರು ಹಾಕಿಸಲು. ಕೆಲವರು ಅತ್ತುಕೊಂಡು ಬರುತ್ತಾರೆ, ಕೆಲವರು ಹೊಸ ಸೀರೆ ಉಟ್ಟುಕೊಂಡು ಬರುತ್ತಾರೆ. ನಾನು ಏನೂ ಅನ್ನುವುದಿಲ್ಲ. ಅಂದರೂ ಸ್ವಲ್ಪ ಅನ್ನುತ್ತೇನೆ. ಇನ್ನು ಕೆಲವರಿದ್ದಾರೆ, ಮನೆ ಬಿಟ್ಟು ಹೋದವರ ವಿಷಯ ತಿಳಿಯುವುದೇ ಬೇಡ ಅಂತ ಅವರ ತಟ್ಟೆ ಲೋಟಗಳನ್ನು ಬಟ್ಟೆಯಲ್ಲಿ ಹೊಲಿದು ಅಟ್ಟಕ್ಕೆ ಹಾಕಿಬಿಡುತ್ತಾರೆ. ಅದೂ ಒಂದು ಥರ ಬದುಕುವುದೇ. ಆದರೆ ಒಂದು ಮಾತು ಮಾತ್ರ ಎಲ್ಲರಿಗೂ ಒಂದೇ. ಹೆಸರು ಹೋಗಿದ್ದನ್ನು ಕಣ್ಣಾರೆ ನೋಡದೆ ನಮ್ಮೂರಲ್ಲಿ ಯಾರೂ ಯಾರಿಗೂ ಎಳ್ಳುನೀರು ಬಿಡುವುದಿಲ್ಲ. ಬಿಟ್ಟರೆ, ಬೇಕಂತಲೇ ಬಿಟ್ಟ ಹಾಗೆ. ಬದುಕಿದ್ದವನನ್ನು ನಮ್ಮ ಪಾಲಿಗೆ ಸತ್ತ ಅಂತ ಊರ ಮುಂದೆ ಹೇಳಿದ ಹಾಗೆ.

ಪಾತ್ರೆಯ ಜೊತೆಗೆ ನನಗೆ ಇನ್ನೊಂದು ಕೆಲಸವೂ ಇತ್ತು. ಇತ್ತು ಅನ್ನುತ್ತಿದ್ದೇನೆ, ಈಗ ಬಿಟ್ಟಿದ್ದೇನೆ. ಹೊಳೆಯಲ್ಲಿ ಮುಳುಗುವವರನ್ನು ಎತ್ತಿ ಉಳಿಸಿದ ಅಂಬಿಗರಿಗೆ ಪುರಸಭೆಯವರು ಪದಕ ಕೊಡುತ್ತಾರೆ. ಮುಂದೆ ಮೀನಿನ ಗುರುತು, ಹಿಂದೆ ಹೆಸರು. ಮೂರು ನಾಲ್ಕು ತಲೆಮಾರು ಕಳೆಯುವ ಹೊತ್ತಿಗೆ ಮನೆಯ ಡಬ್ಬಿಯಲ್ಲಿ ಐದಾರು ಪದಕ ಸೇರಿರುತ್ತವೆ, ಎಲ್ಲದರ ಬೆನ್ನೂ ಬೋಳು. ಯಾವುದು ತಾತನದು, ಯಾವುದು ಚಿಕ್ಕಪ್ಪನದು? ಅಂಬಿಗರಿಗೆ ಅದು ತಿಳಿಯಲೇಬೇಕು. ಹೋದವರ ಪದಕವನ್ನು ದೋಣಿಯ ಮೂತಿಗೆ ಮೊಳೆ ಹೊಡೆದು ಕೂರಿಸುವುದು ಅವರ ಪದ್ಧತಿ. ದೋಣಿ ಹಳೆಯದಾದಾಗ ಕಿತ್ತು ಡಬ್ಬಿಗೆ ಹಾಕಿದ್ದನ್ನು ಹೊಸ ದೋಣಿಗೆ ಮತ್ತೆ ಹೊಡೆಯಬೇಕು. ಹಿರಿಯರದು ಮೇಲೆ, ಕಿರಿಯರದು ಕೆಳಗೆ, ಬೆನ್ನು ಹೊರಗೆ. ತಪ್ಪಾದರೆ ಹಿರಿಯರು ಮುನಿಯುತ್ತಾರಂತೆ.

ಯಾವ ಪದಕ ಯಾರದು ಅಂತ ಗುರುತಿಸಿ ಹೇಳುವುದೇ ನನ್ನ ಆ ಇನ್ನೊಂದು ಕೆಲಸ, ಅದನ್ನೂ ನಮ್ಮಪ್ಪನೇ ಕಲಿಸಿದ್ದ. ಮೊದಮೊದಲಿನವು ತಾಮ್ರ, ಆಮೇಲಿನವು ಹಿತ್ತಾಳೆ. ಎಡಗೈಲಿ ಹುಟ್ಟು ಹಾಕುವವನ ಪದಕ ಒಂದು ಕಡೆ ಸವೆದಿರುತ್ತದೆ, ಬಲಗೈಯವನದು ಇನ್ನೊಂದು ಕಡೆ. ಹಬ್ಬಕ್ಕೆ ಮಾತ್ರ ಹಾಕುತ್ತಿದ್ದವನ ಪಿನ್ನು ನೆಟ್ಟಗಿರುತ್ತದೆ. ಇಷ್ಟೆಲ್ಲ ನೋಡಬೇಕಾದರೆ ಒಂದು ಮಾತು ನೆನಪಿಡಬೇಕು ಅಂತ ಅಪ್ಪ ಹೇಳುತ್ತಿದ್ದ. ಹಳೇ ಪದಕ ತೊಳೆಯಬೇಡ, ಉಜ್ಜಬೇಡ, ಕೊಳೆಯೇ ಗುರುತು. ನಾನು ಇದನ್ನು ಮಂತ್ರದ ಹಾಗೆ ಹಿಡಿದುಕೊಂಡಿದ್ದೆ. ಪದಕವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಂದವರಿಗೆ ಮುಖಕ್ಕೆ ಮಂಗಳಾರತಿ ಎತ್ತಿ ವಾಪಸ್ಸು ಕಳಿಸುತ್ತಿದ್ದೆ.

ಕೆಂಚವ್ವ ಬಂದದ್ದು ಪಿತೃಪಕ್ಷಕ್ಕೆ ಇನ್ನೂ ಹತ್ತು ದಿನ ಇರುವಾಗ. ಕೆಳಗಿನ ಕಡವಿನಲ್ಲಿ ದೋಣಿ ನಡೆಸುವ ಹೆಂಗಸು ಅವಳು, ಆಗ ಐವತ್ತರ ವಯಸ್ಸು. ಮದುವೆ ಅಂತ ಆಗಲಿಲ್ಲ, ತಾಯಿಯನ್ನು ನೋಡಿಕೊಂಡು ಹುಟ್ಟು ಹಾಕಿಕೊಂಡು ಇದ್ದಳು. ಆ ತಾಯಿ ತಿಪ್ಪವ್ವ ಆಷಾಢದಲ್ಲಿ ತೀರಿಕೊಂಡಿದ್ದಳು. ಕೆಂಚವ್ವ ಮಡಿಲಿನಿಂದ ನಾಲ್ಕು ಗಂಟು ತೆಗೆದು ನನ್ನ ಮುಂದೆ ಇಟ್ಟಳು. ನಾಲ್ಕೂ ಒಂದೇ ಅಳತೆ, ಒಂದೇ ಕೆಂಪು ಬಟ್ಟೆ, ಒಂದೇ ಹೊಲಿಗೆ.

"ಮುತ್ತಾತಂದು, ತಾತಂದು, ಅಪ್ಪಂದು, ಅಣ್ಣಂದು," ಅಂದಳು. "ಯಾವುದು ಯಾವುದೋ ನಂಗೆ ಗೊತ್ತಿಲ್ಲ ಹೊನ್ನಕ್ಕ. ಅವ್ವ ಬೇಕಂತಲೇ ಎಲ್ಲಾನೂ ಒಂದೇ ಥರ ಹೊಲಿದಿಟ್ಟಾಳೆ. ಅಣ್ಣಂದು ನೋಡಬೇಕು ಅಂತ ಜೀವ ಬಡಕೊಂಡ್ರೂ ಯಾವುದು ಬಿಚ್ಚಬೇಕೋ ತಿಳೀಬಾರದು ಅಂತ."

ಅವಳ ಅಣ್ಣ ದ್ಯಾವಣ್ಣನ ಕಥೆ ಊರಿಗೆಲ್ಲ ಗೊತ್ತು. ಮೂವತ್ತು ವರ್ಷದ ಹಿಂದೆ, ತುಂಬಿದ ಹೊಳೆಯಲ್ಲಿ ಒಬ್ಬ ಬಳೆಗಾರ ಕೊಚ್ಚಿಕೊಂಡು ಹೋಗುತ್ತಿದ್ದ. ದ್ಯಾವಣ್ಣ ದೋಣಿ ಕಟ್ಟದೆ ಹಾಗೇ ನೀರಿಗೆ ಹಾರಿ ಅವನನ್ನು ಎಳೆದು ತಂದ. ಬಳೆಗಾರ ಉಳಿದ, ದೋಣಿ ಹೋಗಿ ಬಂಡೆಗೆ ಬಡಿದು ಚೂರಾಯಿತು. ತಾತ ಮುತ್ತಾತರ ಪದಕ ಇದ್ದ ಮೂತಿಯ ಹಲಗೆ ಮಾತ್ರ ಸಿಕ್ಕಿತು. ಪುರಸಭೆಯವರು ದ್ಯಾವಣ್ಣನಿಗೆ ಪದಕ ಕೊಟ್ಟ ದಿನವೇ ಅವರಪ್ಪ ಸಣ್ಣೀರಪ್ಪ ಕಡವಿನಲ್ಲಿ ಎಲ್ಲರೆದುರು ಅವನನ್ನು ಹುಟ್ಟಿನಿಂದ ಹೊಡೆದ. "ದೋಣಿ ಕಳೆದೋನು ನನ್ನ ಪಾಲಿಗೆ ಸತ್ತ" ಅಂದ. ದ್ಯಾವಣ್ಣ ಪದಕವನ್ನು ಅಪ್ಪನ ಕಾಲ ಬುಡಕ್ಕೆ ಎಸೆದು ಹೋದವನು ಮತ್ತೆ ಬರಲಿಲ್ಲ. ಆಗ ಕೆಂಚವ್ವನಿಗೆ ಇಪ್ಪತ್ತು ವರ್ಷ. ಅಪ್ಪ ಸತ್ತ ಮೇಲೂ ಆ ಮನೆಯಲ್ಲಿ ಅವನ ಹೆಸರು ಎತ್ತುತ್ತಿರಲಿಲ್ಲ.

"ಮೇಲಿನ ಕಡವಿನಲ್ಲಿ ಅದಾನೆ ಅಂತ ಯಾರೋ ಹೇಳಿದ್ರು," ಅಂದಳು ಕೆಂಚವ್ವ. "ದೋಣೀಲಿ ನಾಲ್ಕು ದಿನದ ದಾರಿ. ಹೆಸರಿದ್ರೆ ಹೋಗಿ ಕರಕೊಂಡು ಬರ್ತೀನಿ. ಅವ್ವ ಹೋದ ಸುದ್ದಿ ನನ್ನ ಬಾಯಿಂದಲೇ ಹೇಳಬೇಕು. ಇಲ್ಲದಿದ್ರೆ ಈ ಪಕ್ಷದಾಗೇ ಎಳ್ಳುನೀರು ಬಿಟ್ಟು ದೋಣಿಗೆ ಹೊಡೀತೀನಿ. ಬಿಚ್ಚಿ ನೋಡೋ ಧೈರ್ಯ ನನಗಿಲ್ಲ. ನೀನು ನೋಡು. ನೀನು ಹೇಳಿದ್ದು ನಂಗೆ ದೇವರ ಮಾತು."

ದೇವರ ಮಾತು ಅಂದಳಲ್ಲ, ನನಗೆ ಎಷ್ಟು ಹಿಗ್ಗಾಯಿತು ಗೊತ್ತಾ! ಅವಳನ್ನು ಮನೆಗೆ ಕಳಿಸಿ, ಚಹಾ ಕುಡಿದು, ಒಂದೊಂದಾಗಿ ಹೊಲಿಗೆ ಬಿಚ್ಚಿದೆ. ಮೊದಲನೆಯದು ತಾಮ್ರ, ಬೋಳು. ಎರಡನೆಯದು ಹಿತ್ತಾಳೆ, ಬೋಳು. ಮೂರನೆಯದು ತಾಮ್ರ, ಬೋಳು. ನಾಲ್ಕನೆಯದರ ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚಿದೆ. ಹಿತ್ತಾಳೆ. ಹಿಂದೆ ತಿರುಗಿಸಿದೆ. ನುಣ್ಣಗೆ, ಮಬ್ಬಾಗಿ, ಬೋಳು. ಅಯ್ಯೋ ಪಾಪ ಅನ್ನಿಸಿತು. ಆದರೆ ಆ ಪಾಪ ಒಂದು ಕ್ಷಣದ್ದು, ಆಮೇಲೆ ಕೆಲಸದ ಹುಮ್ಮಸ್ಸು. ತಾಮ್ರದವೆರಡರಲ್ಲಿ ಮುತ್ತಾತನದು ಯಾವುದು ಅಂತ ಪಿನ್ನು ನೋಡಿ ಹೇಳಿಬಿಟ್ಟೆ. ಹಿತ್ತಾಳೆಯವೆರಡು ಒಂದೇ ಅಚ್ಚಿನವು, ಸವೆತವೂ ಹೆಚ್ಚು ಕಡಿಮೆ ಒಂದೇ. ಅಪ್ಪನದು ಯಾವುದು, ಮಗನದು ಯಾವುದು? ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಮೂಗಿನ ಹತ್ತಿರ ಹಿಡಿದೆ. ಒಂದರಲ್ಲಿ ರಾಳದ ವಾಸನೆ. ದೋಣಿಯ ಬಿರುಕಿಗೆ ಕಾಯಿಸಿ ಮೆತ್ತುತ್ತಾರಲ್ಲ, ಅದೇ ರಾಳ. ಅಪ್ಪ ಹಬ್ಬಕ್ಕೆ ಮಾತ್ರ ಹಾಕುತ್ತಿದ್ದ, ಕೈ ತೊಳೆದೇ ಮುಟ್ಟುತ್ತಿದ್ದವನು. ದೋಣಿಗೆ ರಾಳ ಹಚ್ಚುತ್ತಿದ್ದವನು ಮಗ. ಇದೇ ದ್ಯಾವಣ್ಣನದು! ಜಗಲಿ ಮೇಲೆ ಒಬ್ಬಳೇ ಕೂತು ತೊಡೆ ತಟ್ಟಿಕೊಂಡೆ. ನಮ್ಮಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ ಅಂದುಕೊಂಡೆ.

ವಾಸನೆ ಎಲ್ಲಿಂದ ಬರುತ್ತಿದೆ ಅಂತ ನಾನು ಕೇಳಿಕೊಳ್ಳಲಿಲ್ಲ. ಮೂವತ್ತು ವರ್ಷದ ಹಿಂದೆ ಒಂದೇ ದಿನ ಮುಟ್ಟಿ ಬಿಟ್ಟುಹೋದವನ ಕೈಯ ವಾಸನೆ ಇನ್ನೂ ಹಾಗೇ ಇರುತ್ತದಾ ಅಂತ ಯೋಚಿಸಲಿಲ್ಲ. ಒಂದು ಸಲ, ಒಂದೇ ಒಂದು ಸಲ ಉಗುರಿನಲ್ಲಿ ಗೀರಿದ್ದರೆ ಸಾಕಿತ್ತು.

ಕೆಂಚವ್ವನನ್ನು ಕರೆಸಿ ಹೇಳಿದೆ. ನಾಲ್ಕನ್ನೂ ಸಾಲಾಗಿ ಇಟ್ಟು, ಇದು ಮುತ್ತಾತ, ಇದು ತಾತ, ಇದು ಅಪ್ಪ ಅಂತ ತೋರಿಸಿ, ಕೊನೆಯದನ್ನು ಅವಳ ಅಂಗೈಯಲ್ಲಿಟ್ಟೆ. "ಇದು ನಿಮ್ಮಣ್ಣಂದು. ಹೆಸರಿಲ್ಲ ತಂಗಿ." ಅವಳು ಅದನ್ನು ತಿರುಗಿಸಿ ನೋಡಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡಳು. "ಯಾವಾಗ ಹೋಗಿರಬಹುದಕ್ಕಾ?" ಅಂದಳು. ಅದು ಪದಕ ಹೇಳುವುದಿಲ್ಲ ಅಂದೆ. ಅವಳು ತಲೆ ಆಡಿಸಿ ಹೋದಳು. ಮಹಾಲಯ ಅಮಾವಾಸ್ಯೆಯ ದಿನ ಕಡವಿನಲ್ಲಿ ಎಲ್ಲರ ಮುಂದೆ ಅಣ್ಣನಿಗೆ ಎಳ್ಳುನೀರು ಬಿಟ್ಟಳು. ನಾಲ್ಕೂ ಪದಕ ದೋಣಿಯ ಮೂತಿಗೆ ಹೊಡೆದಳು. ನಾನು ಹೋಗಿದ್ದೆ. ಸಾಲು ಸರಿಯಾಗಿದೆಯಾ ಅಂತ ನೋಡಲು ಹೋಗಿದ್ದೆ, ಇನ್ನೇನಕ್ಕೂ ಅಲ್ಲ.

ಚಳಿಗಾಲ ಕಳೆಯಿತು. ಆ ಬೇಸಿಗೆ ಬಿಸಿಲು ವಿಪರೀತ, ಹೊಳೆ ಇಳಿದು ಬಂಡೆಗಳು ಎದ್ದಿದ್ದವು. ವೈಶಾಖದ ಒಂದು ಮಟಮಟ ಮಧ್ಯಾಹ್ನ ಕೆಂಚವ್ವ ನನ್ನ ಜಗಲಿಗೆ ಬಂದಳು. ಓಡಿ ಬಂದಿರಬೇಕು, ಏದುಸಿರು ಬಿಡುತ್ತಿದ್ದಳು. ಕೈಯಲ್ಲಿ ಮೊಳೆ ಸಮೇತ ಕಿತ್ತ ಪದಕ. ನನ್ನ ಮುಂದೆ ಅದನ್ನು ಬೆನ್ನು ಮೇಲಾಗಿ ಇಟ್ಟಳು.

"ಓದಕ್ಕ," ಅಂದಳು.

ಪದಕದ ಅಂಚಿನಿಂದ ಕಂದು ಬಣ್ಣದ ಅಂಟು ಇಳಿದು ನೂಲಿನ ಹಾಗೆ ಗಟ್ಟಿಯಾಗಿತ್ತು. ಅಂಟು ಇಳಿದ ಜಾಗದಲ್ಲಿ ಅಕ್ಷರ. ದ್ಯಾವ ಅನ್ನುವುದು ಸ್ಪಷ್ಟವಾಗಿತ್ತು. ಣ್ಣದ ಒತ್ತಿನಲ್ಲಿ ಮಾತ್ರ ಇನ್ನೂ ಸ್ವಲ್ಪ ರಾಳ ಉಳಿದಿತ್ತು. ತಿಪ್ಪವ್ವ ಹಿತ್ತಾಳೆಯ ಪುಡಿ ಕಲಸಿದ ರಾಳವನ್ನು ಅಕ್ಷರಗಳಿಗೆ ತುಂಬಿ, ಸವರಿ, ನುಣುಪು ಮಾಡಿ ಹೊಲಿದಿಟ್ಟಿದ್ದಳು. ಹೊಲಿಗೆ ಬಿಚ್ಚುವಷ್ಟು ಮನಸ್ಸು ಸೋತರೂ ತನಗೇ ಏನೂ ಕಾಣಬಾರದು ಅಂತ. ನಾಲ್ಕು ತಲೆಮಾರು ದೋಣಿಗೆ ರಾಳ ಮೆತ್ತಿದ ಮನೆಯ ಹೆಂಗಸು, ಅವಳ ಕೈಗೆ ಅದೇನು ದೊಡ್ಡ ಕೆಲಸ!

"ಓದು ಅಂದೆ. ನಂಗೆ ಓದೋಕೆ ಬರ್ತೈತೆ. ನಿನ್ನ ಬಾಯಿಂದ ಕೇಳಬೇಕು."

ನಾನು ಆಗ ಏನು ಹೇಳಿದೆ ಗೊತ್ತಾ? ಇದನ್ನು ಹೇಳಲು ಇವತ್ತಿಗೂ ನಾಚಿಕೆ. "ಹಳೇ ಪದಕ ತೊಳೀಬಾರದು ಅನ್ನೋದು ನಮ್ಮಪ್ಪನ ಕಾಲದ ಪದ್ಧತಿ. ನಿಮ್ಮವ್ವ ಹೀಗೆ ರಾಳ ಮೆತ್ತಿಟ್ರೆ ನಾನೇನು ಮಾಡ್ಲಿ!" ಅಂದೆ. ಜೋರಾಗಿಯೇ ಅಂದೆ. ಎದುರು ಅಂಗಡಿಯವರು ತಿರುಗಿ ನೋಡಿದರು. ಕೆಂಚವ್ವ ನನ್ನನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ನನ್ನ ದನಿ ತಾನಾಗಿಯೇ ಬಿತ್ತು. "ದ್ಯಾವಣ್ಣ ಅಂತ ಐತೆ," ಅಂದೆ.

ಬೈದಿದ್ದರೆ ಚೆನ್ನಾಗಿತ್ತು. ಎರಡು ಏಟು ಹಾಕಿದ್ದರೂ ತಡೆದುಕೊಳ್ಳುತ್ತಿದ್ದೆ. ಅವಳು "ಬದುಕವ್ನೆ" ಅಂತ ಒಂದೇ ಮಾತು ಹೇಳಿ ನಕ್ಕಳು. ಹೊಳೆಯಲ್ಲಿ ನೀರು ಸಾಲದ್ದಕ್ಕೆ ಅವತ್ತೇ ದೋಣಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ನಡೆದೇ ಮೇಲಿನ ಕಡವಿಗೆ ಹೊರಟಳು. ನಾನೂ ಬರುತ್ತೇನೆ ಅಂದೆ. ಬೇಡ ಅಂದಳು.

ಹನ್ನೊಂದನೇ ದಿನ ಒಬ್ಬಳೇ ವಾಪಸ್ಸು ಬಂದಳು. ದ್ಯಾವಣ್ಣ ಅಲ್ಲಿ ನಿಜಕ್ಕೂ ಇದ್ದನಂತೆ. ದೀಪಾವಳಿಗೆ ಮುಂಚೆ ತಾಯಿ ಹೋದ ಸುದ್ದಿ ಕಿವಿಗೆ ಬಿದ್ದು, ತಂಗಿ ಒಬ್ಬಳೇ ಆದಳು ಅಂತ ಬಟ್ಟೆ ಗಂಟು ಕಟ್ಟಿಕೊಂಡು ಊರಿಗೆ ಹೊರಟನಂತೆ. ಎರಡನೇ ದಿನ ಒಂದು ತಂಗುದಾಣದಲ್ಲಿ ನಮ್ಮೂರಿನವರು ಸಿಕ್ಕಿದರಂತೆ. ಅವರಿಗೆ ಇವನ ಮುಖದ ಗುರುತಿಲ್ಲ. ಊರ ಸುದ್ದಿ ಮಾತಾಡುತ್ತಾ, ಕೆಳಗಿನ ಕಡವಿನ ಕೆಂಚವ್ವ ಮಹಾಲಯಕ್ಕೆ ಅಣ್ಣನಿಗೆ ಎಳ್ಳುನೀರು ಬಿಟ್ಟಳು ಅಂದರಂತೆ. ಅವನು ಅವರ ಜೊತೆಗೇ ಊಟ ಮುಗಿಸಿ, ಕೈ ತೊಳೆದು, ಬಂದ ದಾರಿ ಹಿಡಿದನಂತೆ. ಮೇಲಿನ ಕಡವಿಗೆ ಬಂದು ಒಬ್ಬ ಗೆಳೆಯನಿಗೆ ಇಷ್ಟು ಹೇಳಿ, ಆಮೇಲೆ ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ.

"ಹೆಸರು ನೋಡದೆ ನಮ್ಮೂರಾಗೆ ಯಾರೂ ಬಿಡಲ್ಲ ಅಂತ ಅವನಿಗೂ ಗೊತ್ತಲ್ಲಕ್ಕ," ಅಂದಳು ಕೆಂಚವ್ವ. "ನಾನು ಹೆಸರು ನೋಡ್ತಾ ನೋಡ್ತಾ ಬಿಟ್ಟೆ ಅಂತ ತಿಳಕೊಂಡವ್ನೆ. ಅಪ್ಪನ ಹಂಗೇ ನಾನೂ ಅಂತ."

ಇಷ್ಟು ಜೋರು ಬಾಯಿ ಇಟ್ಟುಕೊಂಡು ಏನು ಬಂತು.

ಆಮೇಲೆ ಅವಳು ಆರು ವರ್ಷ ಬದುಕಿದ್ದಳು. ದೋಣಿ ಹತ್ತಿದವರನ್ನೆಲ್ಲ ಯಾವ ಊರು, ಯಾವ ಕಡವು ಅಂತ ಕೇಳುತ್ತಿದ್ದಳು. ಎತ್ತರದ ಆಳು, ಎಡ ಹುಬ್ಬಿನ ಮೇಲೆ ಗಾಯದ ಗುರುತು, ಸಿಕ್ಕರೆ ಕೆಂಚವ್ವ ಹೆಸರು ನೋಡಿರಲಿಲ್ಲ ಅಂತ ಹೇಳಿ, ಇಷ್ಟೇ ಹೇಳಿ ಸಾಕು ಅನ್ನುತ್ತಿದ್ದಳು. ಕೆಲವರು ಹೂಂ ಅಂದು ದಡಕ್ಕೆ ಇಳಿಯುವಷ್ಟರಲ್ಲಿ ಮರೆಯುತ್ತಿದ್ದರು. ನಾನು ದಿನಾ ಸಂಜೆ ಕಡವಿಗೆ ಹೋಗಿ ಅವಳ ಜೊತೆ ಕೂರುತ್ತಿದ್ದೆ. ಮೊದಮೊದಲು ಕ್ಷಮೆ ಕೇಳಿದೆ. ಅವಳು "ಬಿಡಕ್ಕ" ಅಂದಳು. ಬಿಡಕ್ಕ ಅಂದವಳು ನನ್ನ ಮುಖ ನೋಡುತ್ತಿರಲಿಲ್ಲ, ನೀರನ್ನು ನೋಡುತ್ತಿದ್ದಳು. ಅವಳು ನನ್ನನ್ನು ಕ್ಷಮಿಸಿದ್ದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹೋದ ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಒಂಬತ್ತು ದಿನ ನಾನೇ ನೋಡಿಕೊಂಡೆ. ಹತ್ತನೇ ದಿನ ಬೆಳಿಗ್ಗೆ ಅವಳ ಹೆಸರಿದ್ದ ಗಂಜಿ ಬಟ್ಟಲು ನನ್ನ ಕೈಯಲ್ಲಿ ಇರುವಾಗಲೇ ಆ ಹೆಸರು ಹೋಯಿತು. ಬಟ್ಟಲು ಕೆಳಗಿಟ್ಟು ಅವಳ ಕಣ್ಣು ಮುಚ್ಚಿದೆ.

ಅದಾಗಿ ಎಂಟನೇ ದಿನ ನನ್ನ ಜಗಲಿಯ ಮುಂದೆ ಒಬ್ಬ ಮನುಷ್ಯ ಬಂದು ನಿಂತ. ಎತ್ತರ, ಬೆನ್ನು ಸ್ವಲ್ಪ ಬಾಗಿತ್ತು, ತಲೆ ಪೂರ್ತಿ ನರೆತಿತ್ತು. ಹುಬ್ಬಿನ ಮೇಲಿನ ಗಾಯ ನೋಡಿ ಕೈಯಲ್ಲಿದ್ದ ಉಳಿ ಕೆಳಗಿಟ್ಟೆ. ಅವನು ಚೀಲದಿಂದ ಒಂದು ಹಿತ್ತಾಳೆ ಚೊಂಬು ತೆಗೆದು ನನ್ನ ಮುಂದೆ ಇಟ್ಟ. ಚೊಂಬಿನ ಕತ್ತು ಬೋಳಾಗಿತ್ತು.

"ನಾನು ಊರು ಬಿಟ್ಟ ದಿನ ತಂಗಿ ಹಿಂದೆ ಓಡಿ ಬಂದು ಇದನ್ನು ನನ್ನ ಕೈಯಾಗೆ ಇಟ್ಟಿದ್ಲು," ಅಂದ. "ಅವಳ ಹೆಸರಿತ್ತು. ಎಂಟು ದಿನದ ಹಿಂದೆ ಹೋಯ್ತು. ಕಣ್ಣಾರೆ ನೋಡೀನಿ. ಎಳ್ಳುನೀರು ಬಿಡೋಕೆ ಬಂದೆ. ನನಗಿನ್ನು ಯಾರ ಮೇಲೂ ಸಿಟ್ಟಿಲ್ಲ ಹೊನ್ನಕ್ಕ. ಒಂದು ಮಾತು ತಿಳೀಬೇಕು ಅಷ್ಟೆ. ಪದಕ ನಿನ್ನ ಹತ್ರ ತಂದಿದ್ಲಂತೆ, ಅವತ್ತು ತಂಗುದಾಣದಾಗೇ ಕೇಳಿದ್ದೆ. ನನ್ನ ಹೆಸರು ನೋಡಿದಾಗ ಏನಂದ್ಲು?"

ಸುಳ್ಳು ಹೇಳಬಹುದಿತ್ತು. ಅತ್ತಳು, ಊರಿಗೆ ಹೆದರಿ ಬಿಟ್ಟಳು, ಇಂಥದ್ದೇನಾದರೂ. ನಾಲಿಗೆ ತುದಿಗೆ ಬಂದಿತ್ತು ಕೂಡ.

"ಅವಳು ನೋಡಲೇ ಇಲ್ಲಪ್ಪ," ಅಂದೆ. "ನಾನು ನೋಡಿದ್ದು. ನಿಮ್ಮವ್ವ ಹೆಸರಿಗೆ ರಾಳ ಮೆತ್ತಿದ್ಲು, ನಾನು ಬೋಳು ಅಂದುಬಿಟ್ಟೆ. ಅವಳು ನನ್ನ ಮಾತು ನಂಬಿದ್ಲು. ಬೇಸಿಗೇಲಿ ರಾಳ ಕರಗಿದಾಗ ಗೊತ್ತಾಯ್ತು. ಅವತ್ತೇ ನಿನ್ನ ಹುಡುಕಿಕೊಂಡು ಬಂದ್ಲು. ನೀನು ಹೊರಟುಹೋಗಿದ್ದೆ."

ಅವನು ಜಗಲಿಯ ಅಂಚಿನಲ್ಲಿ ಕೂತ. ಬೀದಿಯಲ್ಲಿ ಯಾರೋ ಸೈಕಲ್ಲಿನ ಮೇಲೆ ಬಾಳೆಹಣ್ಣು ಮಾರಿಕೊಂಡು ಹೋದರು.

"ಆರು ವರ್ಷ ನಾನು ಈ ಚೊಂಬಿನಾಗೆ ನೀರು ಕುಡೀಲಿಲ್ಲ," ಅಂದ. "ಅವಳ ಮೇಲಿನ ಸಿಟ್ಟಿಗೆ. ಬಿಸಾಕೋಕೂ ಆಗ್ಲಿಲ್ಲ. ದಿನಾ ಹೆಸರು ನೋಡೋದು, ಇದಾಳೆ, ಇರಲಿ ಬಿಡು, ನಂಗೇನು ಅನ್ನೋದು." ಚೊಂಬಿನ ಬೋಳು ಕತ್ತು ಸವರಿ, "ಕಾಯ್ತಿದ್ಲಾ?" ಅಂದ.

"ದಿನಾ."

ಅವನ ಪದಕವನ್ನು ನಾನು ಒಳಗೆ ಇಟ್ಟಿದ್ದೆ, ತಂದು ಕೊಟ್ಟೆ. ಅದರ ಕಡೆ ನೋಡದೆ ಪಕ್ಕಕ್ಕೆ ಇಟ್ಟ. ನನ್ನ ತಪ್ಪು ಅಂತ ಮತ್ತೆ ಹೇಳಲು ಬಾಯಿ ತೆರೆದೆ. ಅವನು ಕೈ ಎತ್ತಿ ತಡೆದ. ಚೊಂಬನ್ನು ನನ್ನ ಕಡೆ ತಳ್ಳಿದ.

"ಅವಳ ಹೆಸರು ಹಾಕಕ್ಕ."

"ಹೋದವರ ಹೆಸರು ನಿಲ್ಲಲ್ಲಪ್ಪ. ಉಳಿ ಮುಂದೆ ಹೋದಂಗೆ ಹಿಂದಿಂದ ಮುಚ್ಚಿಕೊಂಡು ಬರ್ತೈತೆ. ನಿಂಗೂ ಗೊತ್ತಲ್ಲ."

"ಗೊತ್ತು. ಹಾಕು."

ಚೊಂಬನ್ನು ಮಂಡಿಗಳ ನಡುವೆ ಹಿಡಿದು ಉಳಿ ಎತ್ತಿಕೊಂಡೆ. ಕೆಂ ಬರೆದೆ, ಚ ಬರೆದೆ. ವ್ವಕ್ಕೆ ಬರುವಷ್ಟರಲ್ಲಿ ಕೆಂ ಹೋಗಿತ್ತು. ವ್ವ ಮುಗಿಸಿ ಸುತ್ತಿಗೆ ಕೆಳಗಿಟ್ಟಾಗ ಚೊಂಬು ಮತ್ತೆ ಬೋಳಾಗಿತ್ತು. ಅವನು ಮುಂದೆ ಬಾಗಿ, ಮುಚ್ಚಿಕೊಂಡು ಬರುತ್ತಿದ್ದ ಅಕ್ಷರಗಳನ್ನೇ ನೋಡುತ್ತಿದ್ದ.

"ಇನ್ನೊಂದು ಸಲ," ಅಂದ.

ಇನ್ನೊಂದು ಸಲ ಹಾಕಿದೆ. ಆಮೇಲೆ ಮತ್ತೊಂದು ಸಲ. ಎದುರು ಅಂಗಡಿಯವರು ಊಟಕ್ಕೆ ಬಾಗಿಲು ಹಾಕಿಕೊಂಡು ಹೋದರು, ಊಟ ಮುಗಿಸಿ ಬಂದು ಬಾಗಿಲು ತೆಗೆದರು. ಸಾಕು ಅಂತ ಅವನು ಹೇಳಲಿಲ್ಲ, ಸಾಕಾ ಅಂತ ನಾನು ಕೇಳಲಿಲ್ಲ. ಮತ್ತೆ ಕೆಂನಿಂದ ಶುರು ಮಾಡಿದೆ.